ಪ್ರಾಪರ್ಟಿ ಪೇಜ್ ಬಿಟ್ಟು ಸಿಮೇಕ್‌ಗೆ ಬಂದರೆ: ಯಾವುದು ಚೆನ್ನ, ಯಾವುದು ಕೈಕೊಡುತ್ತದೆ

ವಿಶುವಲ್ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಬೆಳೆದ ಸಿ++ ಪ್ರಾಜೆಕ್ಟನ್ನು ಇನ್ನು ಮುಂದೆ ಕಮಾಂಡ್ ಲೈನಿನಿಂದಲೇ ಬಿಲ್ಡ್ ಮಾಡಬೇಕು ಎಂದು ತೀರ್ಮಾನವಾದ ಮೇಲೆ ಮೊದಲು ಕೇಳಿಬರುವ ಹೆಸರು ಸಿಮೇಕ್. ಕಿಟ್‌ವೇರ್ ಕಂಪನಿಯ ಈ ಉಪಕರಣ 2000ದಿಂದ ಬಳಕೆಯಲ್ಲಿದೆ. ನಾವು ಬರೆದ ಸ್ಕ್ರಿಪ್ಟ್ ಓದಿ, ಬಿಲ್ಡ್ ನಡೆಸುವ ಬೇರೆ ಉಪಕರಣಕ್ಕೆ ಬೇಕಾದ ಫೈಲುಗಳನ್ನು ಹುಟ್ಟಿಸಿಕೊಡುವುದು ಇದರ ಕೆಲಸ (ಹೀಗೆ ಹುಟ್ಟಿಸುವ ಹಂತ ಕಾನ್ಫಿಗರ್, ಯಾವ ಉಪಕರಣಕ್ಕೆ ಎಂಬ ಆಯ್ಕೆ ಜನರೇಟರ್). ಉಚಿತ, ಮುಕ್ತ ತಂತ್ರಾಂಶ. ಇಲ್ಲಿ ನೋಡುತ್ತಿರುವುದು ಸಿಮೇಕ್ 3.25 ಮತ್ತು ನಂತರದ ಆವೃತ್ತಿಗಳನ್ನು, ಅದರ ಜತೆಗೆ ಬಿಲ್ಡ್ ಓಡಿಸುವ ನಿಂಜಾ ಮತ್ತು ಬಿಲ್ಡ್ ಆಯ್ಕೆಗಳನ್ನು ಬರೆದಿಡುವ ಪ್ರೀಸೆಟ್ ಫೈಲನ್ನು. ಕೇಳುವ ಪ್ರಶ್ನೆ ಒಂದೇ: ವಿಶುವಲ್ ಸ್ಟುಡಿಯೋದ ಸೆಟ್ಟಿಂಗ್ ಕಿಟಕಿಯಾದ ಪ್ರಾಪರ್ಟಿ ಪೇಜಿನಲ್ಲಿ ಟಿಕ್ ಹಾಕಿ, ಡ್ರಾಪ್‌ಡೌನ್ ಆರಿಸಿ ಕೂಡಿಟ್ಟ ಸೆಟ್ಟಿಂಗುಗಳೆಲ್ಲ ಸ್ಕ್ರಿಪ್ಟಿಗೆ ಬಂದ ಮೇಲೂ ಮೊದಲಿನಂಥದೇ ಬೈನರಿ ಹೊರಬರುತ್ತದೆಯೇ?

ಬರುತ್ತದೆ, ಆದರೆ ತಾನಾಗಿ ಅಲ್ಲ. ಸಿಮೇಕ್ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಹೇಳದೆ ಬಿಟ್ಟ ಕಡೆ ಅದು ತುಂಬಿಕೊಳ್ಳುವ ಡೀಫಾಲ್ಟುಗಳು ಮಾತ್ರ ವಿಶುವಲ್ ಸ್ಟುಡಿಯೋದ ಡೀಫಾಲ್ಟುಗಳಲ್ಲ. ಸಿಮೇಕ್‌ಗೆ ಬದಲಾಗುವ ಈ ಸಾಗಾಟದಲ್ಲಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವಕ್ಕೆ ಇದೇ ಮೂಲ.

ಮೊದಲು ಇದು ನಿಮಗೆ ಬೇಕೇ ಎಂದು ಕೇಳಿಕೊಳ್ಳಿ. ವಿಶುವಲ್ ಸ್ಟುಡಿಯೋ 2010ರಿಂದ ಪ್ರಾಜೆಕ್ಟಿನ ವಿಸಿಎಕ್ಸ್‌ಪ್ರಾಜ್ ಫೈಲು ಮೈಕ್ರೋಸಾಫ್ಟಿನ ಬಿಲ್ಡ್ ಉಪಕರಣವಾದ ಎಂಎಸ್‌ಬಿಲ್ಡ್‌ನ ಎಕ್ಸ್‌ಎಂಎಲ್ಲೇ ಆಗಿದೆ. ಎಂಎಸ್‌ಬಿಲ್ಡ್ ಕಮಾಂಡಿಗೆ ಸಲ್ಯೂಶನ್ ಫೈಲು (ಪ್ರಾಜೆಕ್ಟುಗಳನ್ನು ಒಟ್ಟುಗೂಡಿಸುವ ಎಸ್‌ಎಲ್‌ಎನ್) ಕೊಟ್ಟು, ಕಾನ್ಫಿಗರೇಶನ್ ಮತ್ತು ಪ್ಲಾಟ್‌ಫಾರ್ಮ್ ಹೇಳಿದರೆ ಬಿಲ್ಡ್ ಆಗಿಬಿಡುತ್ತದೆ. ಕಿಟಕಿ ತೆರೆಯುವ ಅಗತ್ಯವೇ ಇಲ್ಲ. ವಿಂಡೋಸ್ ಒಂದೇ, ಕಂಪೈಲರ್ ಒಂದೇ, ಪ್ರಾಜೆಕ್ಟುಗಳು ಮೂರೋ ನಾಲ್ಕೋ ಎಂದಾದರೆ, ಸಮಾನ ಸೆಟ್ಟಿಂಗುಗಳನ್ನು ಒಂದು ಪ್ರಾಪ್ಸ್ ಫೈಲಿಗೆ ಎತ್ತಿಟ್ಟು ಎಂಎಸ್‌ಬಿಲ್ಡ್‌ನಲ್ಲೇ ನಿಲ್ಲುವುದು ಜಾಣತನ. ಅಂಥ ಕಡೆ ಸಿಮೇಕ್ ತರುವುದು ಮೂಗಿಗಿಂತ ಮೂಗುತಿ ಭಾರ. ಲಿನಕ್ಸಿಗೂ ಬಿಲ್ಡ್ ಆಗಬೇಕು, ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನಲ್ಲೂ ಓಡಬೇಕು, ಕೋಡ್ ತಪಾಸಣೆಯ ಉಪಕರಣಗಳಿಗೆ ಕಂಪೈಲ್ ಕಮಾಂಡ್‌ಗಳ ಪಟ್ಟಿ ಬೇಕು, ಇಬ್ಬರು ಒಂದೇ ವಾರದಲ್ಲಿ ಫೈಲ್ ಸೇರಿಸಿದಾಗಲೆಲ್ಲ ವಿಸಿಎಕ್ಸ್‌ಪ್ರಾಜ್ ಮರ್ಜ್ ಮಾಡುವುದೇ ಒಂದು ಕೆಲಸವಾಗಿದೆ ಎಂಬಂಥ ಕಾರಣಗಳಿದ್ದರೆ ಮುಂದೆ ಓದಿ.

ಎಂಎಸ್‌ಬಿಲ್ಡ್ ಬದಲು ಡೆವ್‌ಎನ್ವ್ (ವಿಶುವಲ್ ಸ್ಟುಡಿಯೋದ ಪ್ರೋಗ್ರಾಮೇ) ಬಳಸುವವರಿಗೆ ಒಂದು ಕಿವಿಮಾತು: ಸ್ಕ್ರಿಪ್ಟಿನಲ್ಲಿ ಡೆವ್‌ಎನ್ವ್ ಡಾಟ್ ಕಾಮ್ ಎಂದೇ ಬರೆಯಿರಿ. ಡಾಟ್ ಎಕ್ಸ್‌ಇ ಕರೆದರೆ ಕನ್ಸೋಲಿನಲ್ಲಿ ಏನೂ ಮೂಡುವುದಿಲ್ಲ.

ಸೆಟ್ಟಿಂಗುಗಳು ಅಡಗಿ ಕೂತ ಜಾಗಗಳು

ಪ್ರಾಪರ್ಟಿ ಪೇಜಿನಲ್ಲಿ ಕಾಣುವುದು ಕೊನೆಯ ಮೊತ್ತ. ಅದು ಎಲ್ಲೆಲ್ಲಿಂದ ಕೂಡಿಬಂತು ಎಂಬುದು ಅಲ್ಲಿ ಕಾಣುವುದಿಲ್ಲ. ಡೀಬಗ್ ಮತ್ತು ರಿಲೀಸ್, 32 ಬಿಟ್ ಮತ್ತು 64 ಬಿಟ್ ಸೇರಿ ಸಾಮಾನ್ಯವಾಗಿ ನಾಲ್ಕು ಪ್ರತಿಗಳು ಒಂದೇ ಫೈಲಿನಲ್ಲಿರುತ್ತವೆ. ಹಳೆಯ ಪ್ರಾಜೆಕ್ಟುಗಳಲ್ಲಿ ಆ ನಾಲ್ಕೂ ಒಂದಕ್ಕೊಂದು ಹೊಂದುವುದು ಅಪರೂಪ. ಯಾರೋ ಯಾವಾಗಲೋ ಡೀಬಗ್‌ನಲ್ಲಿ ಮಾತ್ರ ಇನ್‌ಕ್ಲೂಡ್ ಪಾತ್ ಸೇರಿಸಿ ಹೋಗಿರುತ್ತಾರೆ. ಅದರ ಮೇಲೆ ಪ್ರಾಪ್ಸ್ ಫೈಲುಗಳ ಪದರ. ಯಾವುದೋ ಒಂದು ಮಟ್ಟದಲ್ಲಿ ಮೇಲಿನ ಬೆಲೆಯನ್ನು ಆನುವಂಶಿಕವಾಗಿ ತರುವ ಶೇಕಡಾ ಚಿಹ್ನೆಯ ತುಂಡು ಅಳಿಸಿಹೋಗಿದ್ದರೆ, ಅದಕ್ಕಿಂತ ಮೇಲಿನದೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನೊಳಗೆ, ಎಂಎಸ್‌ಬಿಲ್ಡ್ ಹೆಸರಿನ ಜಾಗದಲ್ಲಿ ಕೂತ ಮೈಕ್ರೋಸಾಫ್ಟ್ ಡಾಟ್ ಸಿಪಿಪಿ ಡಾಟ್ ಎಕ್ಸ್64 ಡಾಟ್ ಯೂಸರ್ ಡಾಟ್ ಪ್ರಾಪ್ಸ್. ಅದು ಆ ಯಂತ್ರದ ಎಲ್ಲ ಪ್ರಾಜೆಕ್ಟುಗಳಿಗೂ ಅನ್ವಯ, ಯಾವ ರೆಪೊಸಿಟರಿಯಲ್ಲೂ ಇರುವುದಿಲ್ಲ. ‘ನನ್ನ ಯಂತ್ರದಲ್ಲಿ ಸರಿಯಾಗೇ ಇದೆಯಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಸಾಗಾಟ ಶುರುಮಾಡುವ ಮೊದಲು ಎಲ್ಲರ ಯಂತ್ರಗಳಲ್ಲೂ ಈ ಫೈಲು ತೆರೆದು ನೋಡಿ.

ಇನ್ನೊಂದು, ಪ್ರಾಜೆಕ್ಟುಗಳ ನಡುವಿನ ಅವಲಂಬನೆ. ಸಲ್ಯೂಶನ್ನಿನ ಪ್ರಾಜೆಕ್ಟ್ ಡಿಪೆಂಡೆನ್ಸೀಸ್ ಪೆಟ್ಟಿಗೆಯಲ್ಲಿ ಟಿಕ್ ಹಾಕಿದ್ದು ಎಸ್‌ಎಲ್‌ಎನ್ ಫೈಲಿನಲ್ಲಿ ಮಾತ್ರ ಉಳಿಯುತ್ತದೆ. ವಿಸಿಎಕ್ಸ್‌ಪ್ರಾಜ್ ಒಂದನ್ನೇ ಓದುವವರಿಗೆ ಅದರ ಸುಳಿವೇ ಸಿಗದು. ಸಿಮೇಕ್‌ನಲ್ಲಿ ಟಾರ್ಗೆಟ್ ಲಿಂಕ್ ಲೈಬ್ರರೀಸ್ ಎಂದು ಬರೆದ ಕಡೆ ಕ್ರಮ ತಾನಾಗಿ ಬರುತ್ತದೆ. ಲಿಂಕ್ ಇಲ್ಲದೆ ಬರಿಯ ಕ್ರಮ ಬೇಕಾದ ಕಡೆ, ಉದಾಹರಣೆಗೆ ಕೋಡ್ ಹುಟ್ಟಿಸುವ ಸಣ್ಣ ಎಕ್ಸ್‌ಇ ಮೊದಲು ಬಿಲ್ಡ್ ಆಗಬೇಕಾದಾಗ, ಆ್ಯಡ್ ಡಿಪೆಂಡೆನ್ಸೀಸ್ ನೀವೇ ಬರೆಯಬೇಕು. ಇದನ್ನು ಬಿಟ್ಟರೆ ಬಿಲ್ಡ್ ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ. ನಿಂಜಾ ಸಮಾಂತರವಾಗಿ ಓಡಿಸುವುದರಿಂದ ಇಂಥ ತಪ್ಪು ಬೇಗ ಹೊರಬೀಳುತ್ತದೆ.

ನಿಜವಾದ ಕಮಾಂಡ್ ಎಲ್ಲಿ ಸಿಗುತ್ತದೆ

ಪ್ರಾಪರ್ಟಿ ಪೇಜಿನ ಒಂದೊಂದೇ ಸಾಲು ನೋಡಿಕೊಂಡು ಸಿಮೇಕ್ ಬರೆಯುವುದು ಹಲವರು ಹಿಡಿಯುವ ದಾರಿ. ಆ ದಾರಿ ಹಿಡಿಯಬೇಡಿ. ಕಂಪೈಲರಿಗೆ ಕೊನೆಗೆ ತಲುಪಿದ ಕಮಾಂಡನ್ನು ಎಂಎಸ್‌ಬಿಲ್ಡ್ ತಾನೇ ಬರೆದಿಟ್ಟಿರುತ್ತದೆ. ಇಂಟರ್‌ಮೀಡಿಯೆಟ್ ಫೋಲ್ಡರಿನೊಳಗೆ ಟಿಲಾಗ್ ಎಂದು ಕೊನೆಯಾಗುವ ಉಪಫೋಲ್ಡರ್ ಇದೆ. ಅದರಲ್ಲಿ ಸಿಎಲ್ ಡಾಟ್ ಕಮಾಂಡ್ ಡಾಟ್ 1 ಡಾಟ್ ಟಿಲಾಗ್ ಎಂಬ ಫೈಲು. ‘^’ ಚಿಹ್ನೆಯಿಂದ ಶುರುವಾಗುವ ಸಾಲಿನಲ್ಲಿ ಸೋರ್ಸ್ ಫೈಲಿನ ಪೂರ್ಣ ಪಾತ್, ಅದರ ಕೆಳಗಿನ ಸಾಲಿನಲ್ಲಿ ಆ ಫೈಲಿಗೆ ಕೊಟ್ಟ ಎಲ್ಲ ಸ್ವಿಚ್ಚುಗಳು. ಲಿಂಕರಿಗೂ ಇಂಥದೇ ಒಂದಿದೆ.

ಇದರ ದೊಡ್ಡ ಲಾಭ, ಫೈಲಿಗೊಂದು ಎಂಬಂತೆ ಬದಲಾದ ಸೆಟ್ಟಿಂಗುಗಳೂ ಕಣ್ಣಿಗೆ ಬೀಳುತ್ತವೆ. ನೂರು ಫೈಲುಗಳಲ್ಲಿ ಒಂದಕ್ಕೆ ಮಾತ್ರ ಆಪ್ಟಿಮೈಸೇಶನ್ ಬದಲಾಯಿಸಿದ್ದು, ಎರಡಕ್ಕೆ ಪ್ರೀಕಂಪೈಲ್ಡ್ ಹೆಡರ್ (ಮೊದಲೇ ಕಂಪೈಲ್ ಮಾಡಿಟ್ಟ ಹೆಡರ್) ಬೇಡ ಎಂದದ್ದು ಪ್ರಾಜೆಕ್ಟ್ ಮಟ್ಟದ ಕಮಾಂಡ್ ಲೈನ್ ಪುಟದಲ್ಲಿ ಕಾಣುವುದೇ ಇಲ್ಲ. ಕ್ಲೀನ್ ಮಾಡಿ, ಒಂದೊಂದು ಕಾನ್ಫಿಗರೇಶನ್ನನ್ನೂ ಪೂರ್ತಿ ರೀಬಿಲ್ಡ್ ಮಾಡಿ, ಈ ಟಿಲಾಗ್‌ಗಳನ್ನು ಬೇರೆ ಕಡೆ ನಕಲಿಸಿಟ್ಟುಕೊಳ್ಳಿ. ಫೈಲು ಯುಟಿಎಫ್-16ರಲ್ಲಿರುತ್ತದೆ, ಹುಡುಕುವ ಉಪಕರಣಕ್ಕೆ ಏನೂ ಸಿಗುತ್ತಿಲ್ಲವೆಂದರೆ ಮೊದಲು ಯುಟಿಎಫ್-8ಕ್ಕೆ ಬದಲಾಯಿಸಿ.

ಒಂದು ಸ್ವಿಚ್ಚು ಎಲ್ಲಿಂದ ಬಂತು ಎಂದು ತಿಳಿಯದಿದ್ದರೆ ಎಂಎಸ್‌ಬಿಲ್ಡ್‌ನ /ಪಿಪಿ ಆಯ್ಕೆ ಇದೆ. ಇಂಪೋರ್ಟ್ ಆದ ಫೈಲುಗಳನ್ನೆಲ್ಲ ಬಿಚ್ಚಿ ಒಂದೇ ಉದ್ದದ ಎಕ್ಸ್‌ಎಂಎಲ್ ಮಾಡಿಕೊಡುತ್ತದೆ. ಓದಲು ಹಿತವಲ್ಲ, ಆದರೆ ಸುಳ್ಳು ಹೇಳುವುದಿಲ್ಲ.

ಈಗ ಸಿಮೇಕ್ ಬದಿ. ನಿಂಜಾ ಜನರೇಟರಿನಲ್ಲಿ ಕಾನ್ಫಿಗರ್ ಮಾಡಿ, ಎಕ್ಸ್‌ಪೋರ್ಟ್ ಕಂಪೈಲ್ ಕಮಾಂಡ್ಸ್ ಆನ್ ಮಾಡಿದರೆ ಕಂಪೈಲ್ ಕಮಾಂಡ್ಸ್ ಜೇಸನ್ ಫೈಲು ಸಿಗುತ್ತದೆ. ವಿಶುವಲ್ ಸ್ಟುಡಿಯೋ ಜನರೇಟರಿನಲ್ಲಿ ಈ ಆಯ್ಕೆ ಕೆಲಸ ಮಾಡುವುದಿಲ್ಲ. ಎರಡೂ ಕಡೆಯ ಸ್ವಿಚ್ಚುಗಳನ್ನು ಸಾಲಿಗೊಂದರಂತೆ ಒಡೆದು, ವಿಂಗಡಿಸಿ, ಡಿಫ್ ಹಾಕಿ. ಇನ್‌ಕ್ಲೂಡ್ ಪಾತ್‌ಗಳನ್ನು ಮಾತ್ರ ವಿಂಗಡಿಸಬಾರದು: ಒಂದೇ ಹೆಸರಿನ ಹೆಡರ್ ಎರಡು ಫೋಲ್ಡರಿನಲ್ಲಿದ್ದರೆ ಕ್ರಮ ಬದಲಾದ ಕೂಡಲೇ ಬೇರೆ ಹೆಡರ್ ಸೇರಿಕೊಳ್ಳುತ್ತದೆ. ಲಿಂಕ್ ಸಾಲು ಉದ್ದವಾದಾಗ ಅದು ಆರ್‌ಎಸ್‌ಪಿ ಫೈಲಿಗೆ ಹೋಗುತ್ತದೆ, ಬಿಲ್ಡ್ ಗೆದ್ದ ಮೇಲೆ ನಿಂಜಾ ಅದನ್ನು ಅಳಿಸಿಬಿಡುತ್ತದೆ. ಉಳಿಸಿಕೊಳ್ಳಲು ನಿಂಜಾಗೆ -ಡಿ ಕೀಪ್‌ಆರ್‌ಎಸ್‌ಪಿ ಎಂದು ಹೇಳಿ.

ವಿಸಿಎಕ್ಸ್‌ಪ್ರಾಜ್ ಕೊಟ್ಟರೆ ಸಿಮೇಕ್ ಬರೆದುಕೊಡುವ ಪರಿವರ್ತಕಗಳೂ ಇವೆ. ಫೈಲುಗಳ ಪಟ್ಟಿ ಪಡೆಯಲು ಸರಿ. ನಾಲ್ಕು ಕಾನ್ಫಿಗರೇಶನ್ನುಗಳ ಕಸವನ್ನೆಲ್ಲ ಜನರೇಟರ್ ಎಕ್ಸ್‌ಪ್ರೆಶನ್ನುಗಳಾಗಿ (ಕಾನ್ಫಿಗರೇಶನ್ನಿಗೆ ತಕ್ಕಂತೆ ಬೆಲೆ ಬದಲಾಗುವ ಬರಹ) ಯಥಾವತ್ತು ಸುರಿಯುವ ಆ ಔಟ್‌ಪುಟ್ಟನ್ನು ಹಾಗೇ ಒಪ್ಪಿಕೊಂಡರೆ ಗ್ರಾಫಿಕಲ್ ಉಪಕರಣದ ಗೊಂದಲವನ್ನೇ ಟೆಕ್ಸ್ಟ್ ರೂಪದಲ್ಲಿ ಮನೆಗೆ ತಂದುಕೊಂಡಂತಾಯಿತು.

ಡೀಫಾಲ್ಟುಗಳ ಕಾಟ

ಡಿಫ್ ಹಾಕಿದ ಕೂಡಲೇ ಕಾಣುವ ಮೊದಲ ವ್ಯತ್ಯಾಸ ಯೂನಿಕೋಡ್. ವಿಶುವಲ್ ಸ್ಟುಡಿಯೋದ ಹೊಸ ಪ್ರಾಜೆಕ್ಟುಗಳಲ್ಲಿ ಯೂನಿಕೋಡ್ ಕ್ಯಾರೆಕ್ಟರ್ ಸೆಟ್ ಆಯ್ಕೆಯಾಗೇ ಇರುತ್ತದೆ. ಅದರಿಂದ ಯೂನಿಕೋಡ್ ಮತ್ತು ಅಂಡರ್‌ಸ್ಕೋರ್ ಯೂನಿಕೋಡ್ ಎಂಬ ಎರಡು ಡಿಫೈನುಗಳು ಬರುತ್ತವೆ. ಸಿಮೇಕ್ ಅವನ್ನು ಕೊಡುವುದಿಲ್ಲ. ವೈಡ್ ಸ್ಟ್ರಿಂಗನ್ನೇ ನೇರ ಬರೆದ ಕೋಡಾದರೆ ಕಂಪೈಲ್ ಎರರ್ ಬಂದು ಬಚಾವಾಗುತ್ತೀರಿ. ಟಿಕ್ಯಾರ್ (ಆ ಡಿಫೈನುಗಳಿಗೆ ತಕ್ಕಂತೆ ವೈಡ್ ಅಥವಾ ಸಾದಾ ಅಕ್ಷರವಾಗುವ ಟೈಪ್) ಬಳಸಿದ ಕೋಡು ಎರಡೂ ಬಗೆಯಲ್ಲಿ ಕಂಪೈಲ್ ಆಗುತ್ತದೆ, ವಿಂಡೋಸ್ ಫಂಕ್ಷನ್ನುಗಳ ಡಬ್ಲ್ಯೂ ರೂಪದ ಬದಲು ಎ ರೂಪಕ್ಕೆ ಕಟ್ಟಿಕೊಳ್ಳುತ್ತದೆ, ಆಸ್ಕಿಯ ಹೊರಗಿನ ಅಕ್ಷರಗಳಿರುವ ಫೈಲ್ ಹೆಸರು ಬಂದಾಗ ಪ್ರಶ್ನಾರ್ಥಕ ಚಿಹ್ನೆಗಳನ್ನು ತೋರಿಸುತ್ತದೆ. ಟಾರ್ಗೆಟ್ ಕಂಪೈಲ್ ಡೆಫಿನಿಶನ್ಸ್‌ನಲ್ಲಿ ಎರಡನ್ನೂ ಸೇರಿಸಿ. ಒಂದು ವಿಂಡೋಸ್ ಹೆಡರುಗಳಿಗೆ, ಇನ್ನೊಂದು ಸಿ ರನ್‌ಟೈಮ್ ಹೆಡರುಗಳಿಗೆ.

ಎರಡನೆಯದು ರಿಲೀಸ್. ವಿಶುವಲ್ ಸ್ಟುಡಿಯೋದ ರಿಲೀಸ್‌ನಲ್ಲಿ /ಜಿಎಲ್, ಲಿಂಕರಿನಲ್ಲಿ /ಎಲ್‌ಟಿಸಿಜಿ (ಇಡೀ ಪ್ರೋಗ್ರಾಮನ್ನು ಒಟ್ಟಿಗೆ ನೋಡಿ ಆಪ್ಟಿಮೈಸ್ ಮಾಡುವ ಜೋಡಿ), ಜತೆಗೆ ಪಿಡಿಬಿ (ಡೀಬಗ್ ಮಾಹಿತಿಯ ಫೈಲು) ಎಲ್ಲ ಮಾಮೂಲು. ಸಿಮೇಕ್‌ನ ರಿಲೀಸ್ ಎಂದರೆ /ಒ2, /ಒಬಿ2 ಮತ್ತು ಎನ್‌ಡೀಬಗ್, ಅಷ್ಟೇ. ಪಿಡಿಬಿ ಬರಲಿಲ್ಲವೆಂದು ಜನ ಡೀಬಗ್ ಮಾಹಿತಿಯೂ ಇರುವ ರೆಲ್‌ವಿತ್‌ಡೆಬ್‌ಇನ್ಫೋ ಕಾನ್ಫಿಗರೇಶನ್ನಿಗೆ ಹಾರುತ್ತಾರೆ. ಅದರಲ್ಲಿ /ಒಬಿ1 ಇರುವುದರಿಂದ ಇನ್‌ಲೈನ್ ಆಗುವುದು ಕಡಿಮೆ. ಲಿಂಕರಿಗೆ /ಡೀಬಗ್ ಜತೆ /ಇನ್‌ಕ್ರಿಮೆಂಟಲ್ ಹೋಗುತ್ತದೆ. /ಡೀಬಗ್ ಕೊಟ್ಟ ಕೂಡಲೇ ಲಿಂಕರ್ ಬಳಕೆಯಾಗದ ಫಂಕ್ಷನ್ನುಗಳನ್ನು ತೆಗೆದುಹಾಕುವುದನ್ನು ನಿಲ್ಲಿಸುತ್ತದೆ. ಎಕ್ಸ್‌ಇ ಯಾಕೆ ಇಷ್ಟು ದೊಡ್ಡದಾಯಿತು, ಯಾಕೆ ನಿಧಾನವಾಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ರಿಲೀಸ್‌ನಲ್ಲೇ ಉಳಿದು, ಕಂಪೈಲರಿಗೆ /ಝಡ್‌ಐ, ಲಿಂಕರಿಗೆ /ಡೀಬಗ್, /ಆಪ್ಟ್:ರೆಫ್, /ಆಪ್ಟ್:ಐಸಿಎಫ್ ಸೇರಿಸಿ. /ಜಿಎಲ್ ಬೇಕಾದರೆ ಕೈಯಾರೆ ಬರೆಯದೆ ಇಂಟರ್‌ಪ್ರೊಸೀಜರಲ್ ಆಪ್ಟಿಮೈಸೇಶನ್ ಪ್ರಾಪರ್ಟಿ ಆನ್ ಮಾಡಿ, ಲಿಂಕರ್ ಮತ್ತು ಸ್ಟ್ಯಾಟಿಕ್ ಲೈಬ್ರರಿ ಎರಡಕ್ಕೂ ಅದೇ ತಲುಪಿಸುತ್ತದೆ.

ಮೂರನೆಯದು ರನ್‌ಟೈಮ್ ಲೈಬ್ರರಿ. /ಎಂಡಿ (ರನ್‌ಟೈಮ್ ಬೇರೆ ಡಿಎಲ್‌ಎಲ್ ಆಗಿ), /ಎಂಟಿ (ರನ್‌ಟೈಮ್ ಬೈನರಿಯೊಳಗೇ) ಬೆರೆತರೆ ಎಲ್‌ಎನ್‌ಕೆ2038 ಎರರ್ ಬರುತ್ತದೆ, ಅದು ಒಳ್ಳೆಯದೇ. ಇದನ್ನು ಹಿಡಿತದಲ್ಲಿಡಲು 3.15ರಿಂದ ಸಿಮೇಕ್‌_ಎಂಎಸ್‌ವಿಸಿ_ರನ್‌ಟೈಮ್‌_ಲೈಬ್ರರಿ ಎಂಬ ವೇರಿಯಬಲ್ ಇದೆ. ಆದರೆ ಸಿಮೇಕ್ ಓದುವ ಸ್ಕ್ರಿಪ್ಟ್ ಫೈಲಾದ ಸಿಮೇಕ್‌ಲಿಸ್ಟ್ಸ್‌ನ ಮೊದಲ ಸಾಲಿನಲ್ಲಿ ಹಳೆಯ ಉದಾಹರಣೆಯಿಂದ ನಕಲಿಸಿದ ಕನಿಷ್ಠ ಆವೃತ್ತಿ 3.10 ಎಂದಿದ್ದರೆ ಹಳೆಯ ಪಾಲಿಸಿಯೇ ಜಾರಿಯಲ್ಲಿರುತ್ತದೆ, ಈ ವೇರಿಯಬಲ್ಲನ್ನು ಸಿಮೇಕ್ ಚಕಾರವೆತ್ತದೆ ಬದಿಗಿಡುತ್ತದೆ. ಕನಿಷ್ಠ ಆವೃತ್ತಿಯ ಸಾಲು ಬರಿಯ ಅಲಂಕಾರವಲ್ಲ, ಯಾವ ಕಾಲದ ನಡವಳಿಕೆ ಬೇಕು ಎಂಬ ಆಯ್ಕೆ. ಇಂದು ಶುರುಮಾಡುವವರು 3.25 ಎಂದು ಬರೆಯಿರಿ. 2025ರಲ್ಲಿ ಬಂದ ಸಿಮೇಕ್ 4.0 ಅಂತೂ 3.5ಕ್ಕಿಂತ ಹಳೆಯ ಸಂಖ್ಯೆ ಕಂಡರೆ ನೇರವಾಗಿ ಎರರ್ ಕೊಡುತ್ತದೆ.

ಕಿಟಕಿ ಇರುವ ಅಪ್ಲಿಕೇಶನ್ನಾದರೆ ಆ್ಯಡ್ ಎಕ್ಸಿಕ್ಯೂಟಬಲ್‌ನಲ್ಲಿ ವಿನ್32 ಎಂದು ಸೇರಿಸದಿದ್ದಾಗ ಲಿಂಕರ್ ಮೇನ್ ಎಲ್ಲಿ ಎಂದು ಕೇಳುತ್ತದೆ. /ಪರ್ಮಿಸಿವ್-, /ಎಸ್‌ಡಿಎಲ್ ಮತ್ತು ವಾರ್ನಿಂಗ್ ಮಟ್ಟವನ್ನೂ ಟಿಲಾಗ್ ನೋಡಿ ಸೇರಿಸಿಕೊಳ್ಳಿ.

ಬಿಲ್ಡ್ ಈವೆಂಟ್, ಪ್ರೀಕಂಪೈಲ್ಡ್ ಹೆಡರ್, ಫೈಲ್ ಪಟ್ಟಿ

ಪೋಸ್ಟ್ ಬಿಲ್ಡ್ ಈವೆಂಟಿನ ಪೆಟ್ಟಿಗೆಯಲ್ಲಿ ಐದಾರು ಸಾಲು ಬರೆದಿದ್ದರೆ ಅದು ಒಂದೇ ಬ್ಯಾಚ್ ಫೈಲಾಗಿ ಓಡುತ್ತದೆ, ಕೊನೆಯ ಸಾಲಿನ ಎಕ್ಸಿಟ್ ಕೋಡ್ ಮಾತ್ರ ಲೆಕ್ಕಕ್ಕೆ. ನಡುವಿನ ಕಾಪಿ ವಿಫಲವಾದರೂ ಬಿಲ್ಡ್ ಹಸಿರು. ಸಿಮೇಕ್‌ನಲ್ಲಿ ಅದನ್ನು ಬೇರೆ ಬೇರೆ ಕಮಾಂಡುಗಳಾಗಿ ಬರೆದ ಕೂಡಲೇ ಒಂದು ಬಿದ್ದರೆ ಬಿಲ್ಡೇ ನಿಲ್ಲುತ್ತದೆ. ‘ಸಿಮೇಕ್‌ಗೆ ಬಂದ ಮೇಲೆ ಬಿಲ್ಡ್ ಕೆಟ್ಟಿತು’ ಎಂಬ ದೂರುಗಳಲ್ಲಿ ಈ ಬಗೆಯವೂ ಇವೆ. ಕೆಟ್ಟಿದ್ದು ಹಿಂದೆಯೇ, ಗೊತ್ತಾಗಿದ್ದು ಈಗ. ಕಾಪಿ, ಮೇಕ್‌ಡಿರ್‌ನಂಥ ಕೆಲಸಕ್ಕೆ ಶೆಲ್ ಕಮಾಂಡ್ ಬಳಸದೆ ಸಿಮೇಕ್ -ಇ ಕಾಪಿ_ಇಫ್_ಡಿಫರೆಂಟ್ ಮುಂತಾದವನ್ನು ಬಳಸಿದರೆ ಅದೇ ಸಾಲು ಲಿನಕ್ಸಿನಲ್ಲೂ ಓಡುತ್ತದೆ.

ಟಾರ್ಗೆಟ್ ಪ್ರೀಕಂಪೈಲ್ ಹೆಡರ್ಸ್ 3.16ರಿಂದ ಇದೆ, ಚೆನ್ನಾಗಿದೆ. ಸಿಮೇಕ್ ತನ್ನದೇ ಹೆಡರ್ ಹುಟ್ಟಿಸಿ ಪ್ರತಿ ಫೈಲಿಗೂ ಬಲವಂತವಾಗಿ ಸೇರಿಸುತ್ತದೆ, ಹಾಗಾಗಿ ಕೋಡಿನಲ್ಲಿ ಮೊದಲೇ ಇರುವ ಪ್ರೀಕಂಪೈಲ್ಡ್ ಹೆಡರಿನ ಇನ್‌ಕ್ಲೂಡ್ ಸಾಲುಗಳನ್ನು ಅಳಿಸಬೇಕಿಲ್ಲ. ಹಳೆಯ ‘ಕ್ರಿಯೇಟ್’ ಸೆಟ್ಟಿಂಗಿನ ಸಿಪಿಪಿ ಫೈಲು ಮಾತ್ರ ಇನ್ನು ಬೇಕಾಗಿಲ್ಲ.

ಫೈಲುಗಳ ಪಟ್ಟಿಗೆ ಗ್ಲಾಬ್ (ಫೋಲ್ಡರಿನ ಫೈಲುಗಳನ್ನೆಲ್ಲ ತಾನಾಗಿ ಸೇರಿಸುವ ಕ್ರಮ) ಹಾಕುವ ಆಸೆ ಎಲ್ಲರಿಗೂ. ಹಾಕಬೇಡಿ, ಸಿಮೇಕ್‌ನ ಕೈಪಿಡಿಯೇ ಬೇಡ ಎನ್ನುತ್ತದೆ. ಹೊಸ ಫೈಲು ಬಂದದ್ದು ಮರಳಿ ಕಾನ್ಫಿಗರ್ ಮಾಡುವವರೆಗೆ ಗೊತ್ತಾಗದು. ಮೇಲಾಗಿ ಹಳೆಯ ಪ್ರಾಜೆಕ್ಟ್ ಫೋಲ್ಡರುಗಳಲ್ಲಿ ಬಿಲ್ಡಿನಿಂದ ಹೊರಗಿಟ್ಟ ಸಿಪಿಪಿ ಫೈಲುಗಳು ಬಿದ್ದಿರುತ್ತವೆ, ಅವೆಲ್ಲ ಒಳನುಗ್ಗುತ್ತವೆ.

ನಿಂಜಾ ಮತ್ತು ಪ್ರೀಸೆಟ್

ನಿಂಜಾ ಬಗ್ಗೆ ದೂರು ಹೇಳುವುದು ಕಷ್ಟ. ಪ್ರಾಜೆಕ್ಟುಗಳ ಗಡಿ ನೋಡದೆ ಎಲ್ಲ ಕೋರ್‌ಗಳಿಗೂ ಕೆಲಸ ಹಂಚುತ್ತದೆ. ಎಂಎಸ್‌ಬಿಲ್ಡ್‌ನಲ್ಲಿ /ಎಂ ಪ್ರಾಜೆಕ್ಟುಗಳನ್ನು, /ಎಂಪಿ ಫೈಲುಗಳನ್ನು ಬೇರೆಬೇರೆಯಾಗಿ ಹಂಚಿ, ಎರಡರ ಗುಣಲಬ್ಧದಷ್ಟು ಕಂಪೈಲರುಗಳು ಒಟ್ಟಿಗೆ ಎದ್ದು ಮೆಮೊರಿ ತಿನ್ನುವ ರಗಳೆ ಇಲ್ಲಿಲ್ಲ. ನಿಂಜಾ ಬಳಸುವಾಗ /ಎಂಪಿ ಕಳೆದುಬಿಡಿ, ಅದಕ್ಕೆ ಅರ್ಥವಿಲ್ಲ. ಕಂಪೈಲ್ ಕ್ಯಾಶ್ ಬಳಸುವವರಿಗೆ /ಝಡ್‌ಐ ಅಡ್ಡಿ, ಎಲ್ಲ ಕಂಪೈಲರುಗಳೂ ಒಂದೇ ಪಿಡಿಬಿಗೆ ಬರೆಯುತ್ತವೆ, 3.25ರಲ್ಲಿ ಬಂದ ಡೀಬಗ್ ಇನ್ಫಾರ್ಮೇಶನ್ ಫಾರ್ಮ್ಯಾಟ್ ವೇರಿಯಬಲ್ಲಿಗೆ ಎಂಬೆಡೆಡ್ ಎಂದು ಕೊಟ್ಟರೆ /ಝಡ್7 ಆಗುತ್ತದೆ.

ತೊಡಕು ಬರುವುದು ಪರಿಸರದಲ್ಲಿ (ಎನ್ವಿರಾನ್‌ಮೆಂಟ್ ವೇರಿಯಬಲ್ಲುಗಳಲ್ಲಿ). ವಿಶುವಲ್ ಸ್ಟುಡಿಯೋ ಜನರೇಟರ್ ಕಂಪೈಲರನ್ನು ತಾನೇ ಹುಡುಕಿಕೊಳ್ಳುತ್ತದೆ. ನಿಂಜಾಗೆ ಮೊದಲು ಕಂಪೈಲರಿನ ಪಾತ್‌ಗಳನ್ನು ಸಜ್ಜುಮಾಡುವ ವಿಸಿವಾರ್ಸ್64 ಬ್ಯಾಚ್ ಓಡಿರಬೇಕು. ಅದು ಯಾವ ಫೋಲ್ಡರಿನಲ್ಲಿದೆ ಎಂದು ಸ್ಕ್ರಿಪ್ಟಿನಲ್ಲಿ ಗಟ್ಟಿಯಾಗಿ ಬರೆಯದೆ ವಿಎಸ್‌ವೇರ್ ಎಂಬ ಹುಡುಕುವ ಉಪಕರಣವನ್ನು ಕೇಳಿ ತಿಳಿಯಿರಿ. ವಿಎಸ್‌ವೇರ್ ವಿಶುವಲ್ ಸ್ಟುಡಿಯೋ ಇನ್‌ಸ್ಟಾಲರ್ ಫೋಲ್ಡರಿನಲ್ಲಿ ಸದಾ ಇರುತ್ತದೆ. ಬ್ಯಾಚ್‌ನೊಳಗಿನಿಂದ ವಿಸಿವಾರ್ಸ್ ಕರೆಯುವಾಗ ಮುಂದೆ ಕಾಲ್ ಎಂದು ಹಾಕಬೇಕು, ಇಲ್ಲದಿದ್ದರೆ ವಿಸಿವಾರ್ಸ್ ಮುಗಿದಲ್ಲಿಗೆ ನಿಮ್ಮ ಸ್ಕ್ರಿಪ್ಟೂ ಮುಗಿಯುತ್ತದೆ, ಎರರ್ ಕೂಡ ಬರದೆ. ಪವರ್‌ಶೆಲ್‌ನಿಂದ ಬ್ಯಾಚ್ ಕರೆದರೆ ಅದು ಸೆಟ್ ಮಾಡಿದ್ದೆಲ್ಲ ಮಗು ಪ್ರೋಸೆಸ್‌ನೊಂದಿಗೇ ಹೋಗುತ್ತದೆ. ಒಂದೇ ಕಿಟಕಿಯಲ್ಲಿ ಪದೇಪದೇ ವಿಸಿವಾರ್ಸ್ ಓಡಿಸಿದರೆ ಪಾತ್ ಉದ್ದವಾಗುತ್ತಾ ಹೋಗಿ ಒಂದು ದಿನ ಇನ್‌ಪುಟ್ ಸಾಲು ತುಂಬಾ ಉದ್ದ ಎಂದು ನಿಲ್ಲುತ್ತದೆ.

ಪ್ರೀಸೆಟ್ ಫೈಲು ಇಡೀ ಸಾಗಾಟದ ಅತ್ಯುತ್ತಮ ಭಾಗ. 3.19ರಲ್ಲಿ ಬಂತು, 3.20ರಲ್ಲಿ ಬಿಲ್ಡ್ ಪ್ರೀಸೆಟ್, 3.25ರಲ್ಲಿ ಕಾನ್ಫಿಗರ್, ಬಿಲ್ಡ್, ಟೆಸ್ಟ್ ಮೂರನ್ನೂ ಒಂದೇ ಕಮಾಂಡಿನಲ್ಲಿ ಓಡಿಸುವ ವರ್ಕ್‌ಫ್ಲೋ ಸೇರಿತು. ಡ್ರಾಪ್‌ಡೌನಿನಲ್ಲಿ ಆರಿಸುತ್ತಿದ್ದ ಕಾನ್ಫಿಗರೇಶನ್ ಈಗ ಹೆಸರಿಟ್ಟ, ರೆಪೊಸಿಟರಿಯಲ್ಲಿರುವ ಜೇಸನ್ ತುಣುಕು. ಯಂತ್ರಕ್ಕೆ ಸೀಮಿತವಾದದ್ದನ್ನು ಸಿಮೇಕ್ ಯೂಸರ್ ಪ್ರೀಸೆಟ್ಸ್ ಫೈಲಿಗೆ ಹಾಕಿ, ಅದನ್ನು ಗಿಟ್ ಇಗ್ನೋರ್‌ಗೆ ಸೇರಿಸಿ.

ಒಂದು ಬಲೆ ಇಲ್ಲೂ ಇದೆ. ಪ್ರೀಸೆಟ್ಟಿನಲ್ಲಿ ಆರ್ಕಿಟೆಕ್ಚರ್ ಎಕ್ಸ್64, ಸ್ಟ್ರಾಟಜಿ ಎಕ್ಸ್‌ಟರ್ನಲ್ ಎಂದು ಬರೆದರೆ ವಿಶುವಲ್ ಸ್ಟುಡಿಯೋ ಅದನ್ನು ನೋಡಿ ಪರಿಸರ ಸಜ್ಜು ಮಾಡುತ್ತದೆ. ಕಮಾಂಡ್ ಲೈನಿನ ಸಿಮೇಕ್ ಮಾಡುವುದಿಲ್ಲ. ಎಡಿಟರಿನಲ್ಲಿ ಬಿಲ್ಡ್ ಆಗಿ ಬಿಲ್ಡ್ ಸರ್ವರಿನಲ್ಲಿ ಕಂಪೈಲರ್ ಸಿಗಲಿಲ್ಲ ಎಂದು ಬಿದ್ದರೆ ಇದೇ. ಸರ್ವರಿನ ಪಾತ್‌ನಲ್ಲಿ ಮಿಂಗ್‌ಡಬ್ಲ್ಯೂ ಜಿಸಿಸಿ ಎಂಬ ಬೇರೆ ಕಂಪೈಲರ್ ಇದ್ದರೆ ಇನ್ನೂ ಫಜೀತಿ, ಸಿಮೇಕ್ ಅದನ್ನೇ ಹಿಡಿದು ಹೊರಡಬಹುದು. ಕಂಪೈಲರ್ ಸಿಎಲ್ (ಮೈಕ್ರೋಸಾಫ್ಟಿನದು) ಎಂದು ಪ್ರೀಸೆಟ್ಟಿನಲ್ಲೇ ಬರೆದುಬಿಡಿ, ತಪ್ಪಿದರೆ ಅಲ್ಲೇ ನಿಲ್ಲಲಿ.

ಸಿಟ್ಟು ತರಿಸುವ ಗುಣಗಳು

ಸಿಮೇಕ್ ಭಾಷೆ ಅಂದವಾಗಿಲ್ಲ, ಅದನ್ನು ಮೆಚ್ಚಿಕೊಂಡು ಬಳಸುವವರು ಕಡಿಮೆ. ಎಲ್ಲವೂ ಸ್ಟ್ರಿಂಗ್, ಲಿಸ್ಟ್ ಎಂದರೆ ಸೆಮಿಕೋಲನ್ ಹಾಕಿದ ಸ್ಟ್ರಿಂಗ್. ವೇರಿಯಬಲ್ ಹೆಸರಿನ ಒಂದಕ್ಷರ ತಪ್ಪಿದರೆ ಎರರ್ ಇಲ್ಲ, ಖಾಲಿ ಬೆಲೆ. ಕ್ಯಾಶ್‌ನದು ಇನ್ನೊಂದು ಕಥೆ: ಸ್ಕ್ರಿಪ್ಟಿನಲ್ಲಿ ಆಯ್ಕೆಯ ಡೀಫಾಲ್ಟ್ ಬದಲಾಯಿಸುತ್ತೀರಿ, ಏನೂ ಆಗುವುದಿಲ್ಲ, ಏಕೆಂದರೆ ಹಳೆಯ ಬೆಲೆ ಸಿಮೇಕ್‌ಕ್ಯಾಶ್ ಫೈಲಿನಲ್ಲಿ ಕೂತಿದೆ. 3.24ರಿಂದ --ಫ್ರೆಶ್ ಇದೆ, ಬಿಲ್ಡ್ ಸರ್ವರಿನಲ್ಲಿ ಅದನ್ನೇ ಬಳಸಿ.

ಹೊರಗಿನ ಲೈಬ್ರರಿ ತರಲು ಪ್ಯಾಕೇಜಸ್ ಡಾಟ್ ಕಾನ್ಫಿಗ್ ಶೈಲಿಯ ನ್ಯೂಗೆಟ್ ಇದ್ದರೆ ಸಿಮೇಕ್ ನೆರವಿಗೆ ಬರುವುದಿಲ್ಲ. ಸಿ++ ಪ್ಯಾಕೇಜ್ ಮ್ಯಾನೇಜರಾದ ವಿಸಿಪಿಕೆಜಿಗೆ ಬದಲಾಗುವುದನ್ನೂ ಈ ಸಾಗಾಟದ ಲೆಕ್ಕಕ್ಕೇ ಸೇರಿಸಿಕೊಳ್ಳಿ. ಐಡಿಎಲ್ (ಇಂಟರ್‌ಫೇಸ್ ವಿವರಣೆಯ) ಫೈಲುಗಳಿದ್ದರೆ ನಿಂಜಾದಲ್ಲಿ ಅವುಗಳ ಕಂಪೈಲರಾದ ಮಿಡ್ಲ್ ಓಡಿಸುವ ಕಸ್ಟಮ್ ಕಮಾಂಡ್ ನೀವೇ ಬರೆಯಬೇಕು.

ತಂಡದ ಅಭ್ಯಾಸವೂ ಒಂದು ಸಮಸ್ಯೆ. ಸಿಮೇಕ್ ಹುಟ್ಟಿಸಿದ ಸಲ್ಯೂಶನ್ ತೆರೆದು, ಎಂದಿನಂತೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಏನೋ ಬದಲಾಯಿಸಿದರೆ ಅದು ಕೆಲಸ ಮಾಡುತ್ತದೆ, ಮುಂದಿನ ಕಾನ್ಫಿಗರ್‌ವರೆಗೆ. ಆಮೇಲೆ ಮಾಯ. ಫೋಲ್ಡರ್ ಆಗಿ ತೆರೆಯುವ ಕ್ರಮ ರೂಢಿಸಿಕೊಂಡರೆ ಆ ಪೇಜೇ ಕಾಣದು, ತಂಟೆಯೂ ಇಲ್ಲ.

ಐದಕ್ಕೆ ಅಂಕ ಕೊಡಬೇಕೆಂದರೆ ಪ್ರೀಸೆಟ್ ಮತ್ತು ನಿಂಜಾಗೆ ಐದು, ಸಿಮೇಕ್ ಭಾಷೆಗೆ ಎರಡು, ಒಟ್ಟಾರೆ ನಾಲ್ಕು.

ಹಳೆಯದನ್ನು ಯಾವಾಗ ಅಳಿಸಬೇಕು

ಎರಡೂ ಬಿಲ್ಡ್‌ಗಳ ಬೈನರಿ ಬೈಟಿಗೆ ಬೈಟು ಹೊಂದುವುದಿಲ್ಲ. ಟೈಮ್‌ಸ್ಟ್ಯಾಂಪ್ ಮತ್ತು ಪಿಡಿಬಿಯ ಗುರುತುಸಂಖ್ಯೆ ಬೇರೆಯಾಗಿರುತ್ತವೆ. ಬೈನರಿಯ ಒಳವಿವರ ತೋರಿಸುವ ಡಂಪ್‌ಬಿನ್‌ನಲ್ಲಿ ನೋಡಬೇಕಾದ್ದು ಮೂರು: /ಡಿಪೆಂಡೆಂಟ್ಸ್ ಕೊಡುವ ಡಿಎಲ್‌ಎಲ್ ಪಟ್ಟಿ ಒಂದೇ ಇರಬೇಕು, /ಹೆಡರ್ಸ್‌ನಲ್ಲಿ ಸಬ್‌ಸಿಸ್ಟಮ್ ಮತ್ತು ಡಿಎಲ್‌ಎಲ್ ಕ್ಯಾರೆಕ್ಟರಿಸ್ಟಿಕ್ಸ್ ಹೊಂದಬೇಕು, ಡಿಎಲ್‌ಎಲ್ ಆದರೆ /ಎಕ್ಸ್‌ಪೋರ್ಟ್ಸ್ ಪಟ್ಟಿ ಹೆಸರಿಗೆ ಹೆಸರು ತಾಳೆಯಾಗಬೇಕು. ಡಿಎಲ್‌ಎಲ್ ಪಟ್ಟಿಯಲ್ಲಿ ಡಿ ಅಕ್ಷರದಿಂದ ಕೊನೆಯಾಗುವ ರನ್‌ಟೈಮ್ ಹೆಸರು ರಿಲೀಸ್‌ನಲ್ಲಿ ಕಂಡರೆ ಡೀಬಗ್ ರನ್‌ಟೈಮ್ ನುಸುಳಿದೆ ಎಂದೇ ಅರ್ಥ.

ಇದೆಲ್ಲ ತಾಳೆಯಾದ ದಿನವೇ ವಿಸಿಎಕ್ಸ್‌ಪ್ರಾಜ್ ಮತ್ತು ಎಸ್‌ಎಲ್‌ಎನ್ ಫೈಲುಗಳನ್ನು ರೆಪೊಸಿಟರಿಯಿಂದ ತೆಗೆದುಹಾಕಿ. ‘ಇರಲಿ, ಬೇಕಾದೀತು’ ಎಂದು ಎರಡನ್ನೂ ಇಟ್ಟುಕೊಂಡ ಕಡೆ ಅರ್ಧ ಮಂದಿ ಹೊಸ ಫೈಲನ್ನು ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಸೇರಿಸುತ್ತಾರೆ. ನಕಲಿಸಿಟ್ಟ ಟಿಲಾಗ್‌ಗಳನ್ನು ಮಾತ್ರ ಒಂದು ರಿಲೀಸ್ ಹೊರಹೋಗುವವರೆಗೆ ಕಾಪಾಡಿಕೊಳ್ಳಿ.